ತಿರ್ಯಕ್‌ಪ್ರೀತಿ ಮತ್ತು ರಸಾಭಾಸ: ಒಂದು ವಿವೇಚನೆ

೧

ಪಶುಪಕ್ಷಿಗಳಲ್ಲಿ ತೋರುವ ಒಲವು ನಿಜವಾಗಿಯೂ ಒಲವೇ, ಅಥವಾ ಒಲವಿನ ಆಕಾರವನ್ನು ತಳೆದ ಬೇರೊಂದು ದೇಹವ್ಯಾಪಾರವೇ ಎಂಬ ಪ್ರಶ್ನೆಯನ್ನು ಇಂದು ನಾವು ಪ್ರಾಣಿಶಾಸ್ತ್ರಜ್ಞರಿಗೂ ನೀತಿಶಾಸ್ತ್ರಜ್ಞರಿಗೂ ಬಿಟ್ಟುಕೊಟ್ಟಿದ್ದೇವೆ. ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಆಗಬೇಕಾದುದೇನೂ ಇಲ್ಲವೆಂಬ ಭಾವನೆಯೂ ಬಳಕೆಯಲ್ಲಿದೆ. ಆದರೆ ಇದೇ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಸುಮಾರು ಏಳು ನೂರು ವರ್ಷಗಳ ಹಿಂದೆಯೇ ತಮ್ಮ ಪರಿಭಾಷೆಯಲ್ಲಿ ಎತ್ತಿಕೊಂಡು ಚರ್ಚಿಸಿದ್ದರು. ತಿರ್ಯಕ್ಕುಗಳ, ಎಂದರೆ ಮನುಷ್ಯನನ್ನುಳಿದ ಪ್ರಾಣಿಗಳ, ರತಿಯನ್ನು ಕವಿಯು ವರ್ಣಿಸಿದಾಗ ಸಹೃದಯನಲ್ಲಿ ಹುಟ್ಟುವುದು ರಸವೇ, ಅಥವಾ ರಸದ ತೋರಿಕೆ ಮಾತ್ರವಾದ ರಸಾಭಾಸವೇ ಎಂಬುದು ಅವರ ವಿವಾದದ ವಿಷಯ. ಬಹುಮತವು ಅದನ್ನು ಆಭಾಸವೆಂದೇ ತೀರ್ಮಾನಿಸಿತು.

ಆ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಿ, ಮೂರು ಕನ್ನಡ ಕೃತಿಗಳ ಸಾಕ್ಷ್ಯದಿಂದ ಅದನ್ನು ಒರೆಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಜನ್ನನ ‘ಯಶೋಧರ ಚರಿತೆ’, ಕರ್ತೃವಿನ ಹೆಸರು ತಿಳಿಯದ ‘ಗೋವಿನ ಹಾಡು’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇವೇ ಆ ಮೂರು ಕೃತಿಗಳು. ಕಾಲ, ಮತ, ಪ್ರಕಾರ ಇವುಗಳಲ್ಲಿ ಒಂದಕ್ಕೊಂದು ದೂರವಾದ ಇವನ್ನು ಒಟ್ಟಿಗೆ ತರುವುದಕ್ಕೆ ಕಾರಣವಿಷ್ಟೆ: ಪ್ರಾಣಿಯ ಪ್ರೀತಿಯನ್ನು ನಾವು ಎಷ್ಟರಮಟ್ಟಿಗೆ ನಂಬುತ್ತೇವೆ ಎಂಬುದರ ಮೇಲೆಯೇ ಆ ಪ್ರಾಣಿಯೊಡನೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ನಿಂತಿದೆಯೆಂಬ ಸಂಗತಿಯನ್ನು ಈ ಮೂರೂ ಮೂರು ಬಗೆಯಲ್ಲಿ ತೋರಿಸುತ್ತವೆ.

೨

ಮೊದಲು ನಮ್ಮ ಕಾವ್ಯಮೀಮಾಂಸೆಯೊಳಗೇ ಇರುವ ಒಂದು ತೊಡಕನ್ನು ಗಮನಿಸಬೇಕು. ನಮ್ಮ ಸಂಪ್ರದಾಯದಲ್ಲಿ ಕಾವ್ಯದ ಹುಟ್ಟನ್ನು ಒಂದು ಹಕ್ಕಿಯ ಅಳಲಿನಿಂದ ಹೇಳುವುದು ವಾಡಿಕೆ. ಬೇಡನ ಬಾಣಕ್ಕೆ ಸಿಕ್ಕು ಜೋಡಿಯಲ್ಲೊಂದು ಉರುಳಿದಾಗ ಉಳಿದ ಕ್ರೌಂಚದ ಶೋಕವೇ ವಾಲ್ಮೀಕಿಯ ಬಾಯಲ್ಲಿ ಶ್ಲೋಕವಾಯಿತೆಂದು ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಹೇಳಿದನು. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲಿ ಶೋಕವೆಂದರೆ ಮುನಿಯ ಸ್ವಂತ ದುಃಖವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ಹಾಗಾದರೆ ಕರುಣರಸಕ್ಕೆ ಸ್ಥಾಯಿಯಾದ ಆ ಶೋಕದ ಮೊದಲ ನೆಲೆ ಹಕ್ಕಿಯೇ ಆಯಿತು. ಸಂಗಾತಿಯ ಮೇಲೆ ಒಲವಿಲ್ಲದಿದ್ದರೆ ಅಗಲಿಕೆಯ ಶೋಕವೂ ಇರದು. ಆದಿಕಾವ್ಯದ ಬುಡದಲ್ಲಿಯೇ ತಿರ್ಯಕ್ಕಿನ ಪ್ರೀತಿಯನ್ನು ಒಪ್ಪಿಕೊಂಡ ಪರಂಪರೆ ಮುಂದೆ ಅದೇ ಪ್ರೀತಿಯನ್ನು ಆಭಾಸವೆಂದು ಕರೆದುದು ಹೇಗೆ?

ಎರಡನೆಯ ಸಂಗತಿ ಇದಕ್ಕಿಂತಲೂ ಸೂಕ್ಷ್ಮವಾದುದು. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯ ಚಿತ್ರವೊಂದಿದೆ. ಅದು ಮತ್ತೆ ಮತ್ತೆ ಹಿಂತಿರುಗಿ ನೋಡುತ್ತದೆ. ಅರೆ ಮೆದ್ದ ದರ್ಭೆ ಅದರ ತೆರೆದ ಬಾಯಿಂದ ದಾರಿಯುದ್ದಕ್ಕೂ ಉದುರುತ್ತದೆ. ರಸಾನುಭವದಲ್ಲಿ ಭಾವವು ಸಾಧಾರಣೀಕರಣ ಹೊಂದುವುದು ಹೇಗೆಂದು ವಿವರಿಸುವಾಗ ಅಭಿನವಗುಪ್ತನು ಆರಿಸಿಕೊಂಡದ್ದು ಈ ಪದ್ಯವನ್ನೇ. ಹನ್ನೊಂದನೆಯ ಶತಮಾನದ ಮಮ್ಮಟನೂ ‘ಕಾವ್ಯಪ್ರಕಾಶ’ದಲ್ಲಿ ಭಯಾನಕ ರಸಕ್ಕೆ ಇದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾನೆ. ಜಿಂಕೆ ತಿರ್ಯಕ್ಕಾದುದರಿಂದ ಅದರ ಭಯವು ಭಯಾನಕಾಭಾಸವೆಂದು ಇವರು ಹೇಳಲಿಲ್ಲ.

ಇನ್ನು ‘ಕುಮಾರಸಂಭವ’ದ ಮೂರನೆಯ ಸರ್ಗವನ್ನು ತೆಗೆದುಕೊಳ್ಳೋಣ. ಅಕಾಲದಲ್ಲಿ ವಸಂತ ಕಾಲಿಟ್ಟಾಗ ದುಂಬಿ ತನ್ನ ನಲ್ಲೆಯೊಡನೆ ಒಂದೇ ಹೂವಿನ ಬಟ್ಟಲಿನಿಂದ ಮಧುವನ್ನು ಹೀರುತ್ತದೆ. ಕೃಷ್ಣಮೃಗವು ಕೊಂಬಿನಿಂದ ಹೆಣ್ಣಿನ ಮೈಯನ್ನು ತುರಿಸುತ್ತದೆ. ತಿರ್ಯಗ್ರತಿಯ ಮಾತು ಬಂದಾಗಲೆಲ್ಲ ನೆನಪಿಗೆ ಬರುವುವು ಇಂತಹ ಚಿತ್ರಗಳೇ. ಹದಿನಾಲ್ಕನೆಯ ಶತಮಾನದ ವಿಶ್ವನಾಥನ ‘ಸಾಹಿತ್ಯದರ್ಪಣ’ದ ಲೆಕ್ಕದಂತೆ ಇವು ರಸವಲ್ಲ, ರಸಾಭಾಸ.

ಎರಡು ಕಾವ್ಯಗಳ ಕವಿ ಒಬ್ಬನೇ. ಪ್ರಾಣಿಯೂ ಹೆಚ್ಚು ಕಡಮೆ ಅದೇ. ಜಿಂಕೆ ಹೆದರಿದಾಗ ಅದು ನಮ್ಮ ಹೆದರಿಕೆಯ ಜಾತಿಗೆ ಸೇರಿದ ಭಾವ. ಜಿಂಕೆ ಒಲಿದಾಗ ಅದು ಒಲವಿನ ತೋರಿಕೆ. ಈ ಅಸಮತೆಯ ಕಡೆಗೆ ನಮ್ಮ ವಿಮರ್ಶೆ ಸಾಕಷ್ಟು ಗಮನ ಕೊಟ್ಟಂತೆ ಕಾಣುವುದಿಲ್ಲ. ಬೇಟೆಗಾರನಿಗೆ ಪ್ರಾಣಿಯ ಭಯವನ್ನು ನಂಬದೆ ಗತಿಯಿಲ್ಲ. ಭಯವನ್ನು ಬಲ್ಲವನೇ ಬೇಟೆಯನ್ನು ಬಲ್ಲ. ಪ್ರಾಣಿಯ ಒಲವನ್ನು ನಂಬುವ ಆವಶ್ಯಕತೆ ಅವನಿಗಿಲ್ಲ; ನಂಬಿದರೆ ಬಿಲ್ಲನ್ನು ಎತ್ತುವುದೇ ಕಷ್ಟವಾದೀತು. ಆಲಂಕಾರಿಕರು ಬೇಟೆಗಾರರ ಪಕ್ಷವನ್ನು ವಹಿಸಿದರೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಭಯಕ್ಕೆ ಒಂದು ಅಳತೆ, ಒಲವಿಗೆ ಇನ್ನೊಂದು ಅಳತೆ ಎಂಬ ಲೋಕರೂಢಿ ಶಾಸ್ತ್ರದೊಳಕ್ಕೂ ನುಸುಳಿತೆಂಬುದು ಮಾತ್ರ ಸ್ಪಷ್ಟ.

೩

ಶಾಸ್ತ್ರಕಾರರೆಲ್ಲರೂ ಇದನ್ನು ಸುಮ್ಮನೆ ಒಪ್ಪಿದರೆಂದು ಭಾವಿಸಬಾರದು. ಕ್ರಿ. ಶ. ೧೩೦೦ರ ಸುಮಾರಿಗೆ ‘ಏಕಾವಳಿ’ಯನ್ನು ಬರೆದ ವಿದ್ಯಾಧರನು, ತಿರ್ಯಕ್ಕುಗಳ ವಿಷಯದಲ್ಲಿ ರಸಾಭಾಸವನ್ನು ಹೇಳುವವರ ಮತ ಪರೀಕ್ಷೆಗೆ ನಿಲ್ಲತಕ್ಕುದಲ್ಲವೆಂದು ವಾದಿಸಿದನು. ಎದುರಾಳಿಗಳ ಮುಖ್ಯ ಆಕ್ಷೇಪ, ಪ್ರಾಣಿಗಳಿಗೆ ವಿಭಾವಾದಿಗಳ ಜ್ಞಾನವಿಲ್ಲ ಎಂಬುದು. ವಿದ್ಯಾಧರನ ಉತ್ತರ ಚಿಕ್ಕದು, ಆದರೆ ಬಲವಾದುದು: ಅಂತಹ ಜ್ಞಾನವಿಲ್ಲದ ಮನುಷ್ಯರೂ ಇದ್ದಾರೆ, ಹಾಗೆಂದು ಅವರ ಪ್ರೀತಿಯೂ ರಸಕ್ಕೆ ವಿಷಯವಲ್ಲವೆನ್ನಲಾದೀತೆ? ರಸಕ್ಕೆ ಬೇಕಾದುದು ವಿಭಾವಾದಿಗಳು ಇರುವುದು, ಅವನ್ನು ಕುರಿತ ಅರಿವಲ್ಲ.

ಅದೇ ಶತಮಾನದಲ್ಲಿ ರಾಚಕೊಂಡದಿಂದ ಆಳುತ್ತಿದ್ದ ಶಿಂಗಭೂಪಾಲನು ‘ರಸಾರ್ಣವಸುಧಾಕರ’ದಲ್ಲಿ ಈ ವಾದವನ್ನು ಖಂಡಿಸಿದನು. ಶೃಂಗಾರಕ್ಕೆ ಉಚಿತವಾದ ಉಜ್ಜ್ವಲತೆಯೂ ವಿವೇಕವೂ ಪ್ರಾಣಿಗಳಲ್ಲಿಲ್ಲವೆಂಬುದು ಅವನ ನಿಲುವು. ಮುಂದೆ ನಿಂತುದು ಇವನ ಪಕ್ಷವೇ.

ಆಭಾಸಕ್ಕೆ ವಿಶ್ವನಾಥನು ಕೊಡುವ ಲಕ್ಷಣ ಅನೌಚಿತ್ಯ. ಶೃಂಗಾರವು ಅನುಚಿತವಾಗುವ ಸಂದರ್ಭಗಳನ್ನು ಪಟ್ಟಿಮಾಡುತ್ತ ಅವನು, ಉಪನಾಯಕನಲ್ಲಿ ನೆಟ್ಟ ರತಿ, ಗುರುಪತ್ನಿಯ ವಿಷಯದ ರತಿ, ಒಂದೇ ಕಡೆಯ ರತಿ ಮುಂತಾದುವನ್ನು ಹೇಳಿ, ಕೊನೆಯಲ್ಲಿ ಅಧಮಪಾತ್ರಗಳ ಮತ್ತು ತಿರ್ಯಕ್ಕುಗಳ ರತಿಯನ್ನು ಜೊತೆಯಾಗಿ ಸೇರಿಸುತ್ತಾನೆ. ಈ ಜೋಡಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ಕೀಳೆಂದು ಎಣಿಸಲ್ಪಟ್ಟ ಮನುಷ್ಯನ ಒಲವನ್ನೂ ಪ್ರಾಣಿಯ ಒಲವನ್ನೂ ರಸದ ಮನೆಯಿಂದ ಹೊರಗಿಟ್ಟುದು ಒಂದೇ ಮಾತು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಈ ಪಟ್ಟಿ ಶೃಂಗಾರಕ್ಕೆ ಸಂಬಂಧಿಸಿದುದು. ವಾತ್ಸಲ್ಯ, ಗೆಳೆತನ ಮೊದಲಾದ ಬೇರೆ ಬಗೆಯ ಪ್ರೀತಿಗೆ ಇದನ್ನು ಹಚ್ಚಬಹುದೆ? ವಿಶ್ವನಾಥನು ವತ್ಸಲವನ್ನು ಪ್ರತ್ಯೇಕ ರಸವಾಗಿ ಒಪ್ಪಿದವನು; ಪ್ರಾಣಿಗಳ ವಾತ್ಸಲ್ಯದ ಮಾತನ್ನು ಈ ಪಟ್ಟಿಯಲ್ಲಿ ಎತ್ತಿಲ್ಲ. ಆದಕಾರಣ ಈ ವಿಸ್ತರಣೆ ನನ್ನದೆಂದು ಒಪ್ಪಿಕೊಳ್ಳುತ್ತೇನೆ. ಆದರೆ ವಿವೇಕವಿಲ್ಲದಲ್ಲಿ ರಸವಿಲ್ಲವೆಂಬ ತರ್ಕ ಶೃಂಗಾರಕ್ಕೆ ಸಲ್ಲುವುದಾದರೆ ವಾತ್ಸಲ್ಯಕ್ಕೂ ಸಲ್ಲಲೇಬೇಕು. ಎರಡನೆಯದು, ಇದು ಕಾವ್ಯೌಚಿತ್ಯದ ಮಾತು. ಪ್ರಾಣಿಗಳಿಗೆ ಮನಸ್ಸಿದೆಯೇ ಇಲ್ಲವೇ ಎಂಬ ತೀರ್ಪಲ್ಲ. ಆಭಾಸವೂ ಆಸ್ವಾದ್ಯವೇ ಎಂದು ಆಲಂಕಾರಿಕರು ಒಪ್ಪಿದ್ದರೆಂಬುದೂ ನಿಜ. ಆದರೂ ಔಚಿತ್ಯವೆಂಬುದು ಶೂನ್ಯದಲ್ಲಿ ನಿಲ್ಲುವುದಿಲ್ಲ. ಯಾರಿಗೆ ಯಾವ ಭಾವ ಸಲ್ಲುತ್ತದೆ ಎಂಬ ಲೋಕದ ಮೇಲುಕೀಳಿನ ಎಣಿಕೆಯ ಮೇಲೆಯೇ ಅದು ನಿಲ್ಲುತ್ತದೆ.

೪

ಕನ್ನಡದ ಸಾಕ್ಷ್ಯಕ್ಕೆ ಬರೋಣ. ಜನ್ನನು ೧೨೦೯ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯ ಕಥೆ ಹೊಸದಲ್ಲ. ಸೋಮದೇವನ ‘ಯಶಸ್ತಿಲಕ’, ಪುಷ್ಪದಂತನ ‘ಜಸಹರಚರಿಉ’, ವಾದಿರಾಜನ ಸಂಸ್ಕೃತ ಕಾವ್ಯ ಇವು ಅದನ್ನು ಆಗಲೇ ಹೇಳಿದ್ದುವು. ಹೆಂಡತಿ ಅಮೃತಮತಿಯು ಕುರೂಪಿಯಾದ ಮಾವತನೊಬ್ಬನಿಗೆ ಒಲಿದುದನ್ನು ಕಂಡು ನೊಂದ ಯಶೋಧರನು, ಅದನ್ನು ಮುಚ್ಚಿಟ್ಟು, ಕೆಟ್ಟ ಕನಸನ್ನು ಕಂಡೆನೆಂದು ತಾಯಿಗೆ ಹೇಳುತ್ತಾನೆ. ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಕೊಲ್ಲಲೊಲ್ಲದ ಮಗ, ಕೇಳಲೊಲ್ಲದ ತಾಯಿ ಇವರಿಬ್ಬರ ನಡುವೆ ಒಪ್ಪಂದವಾಗುವುದು ಹಿಟ್ಟಿನ ಕೋಳಿಯ ಮೇಲೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಈ ಪ್ರಸಂಗವನ್ನು ಸಂಕಲ್ಪಹಿಂಸೆಯ ದೃಷ್ಟಾಂತವೆಂದು ನಮ್ಮ ವಿಮರ್ಶಕರು ವಿವರಿಸುತ್ತ ಬಂದಿದ್ದಾರೆ. ಕೊಲ್ಲುವ ಬಗೆಯೇ ಕೊಲೆ ಎಂಬುದು ಅದರ ಸಾರ. ಅದು ಸರಿಯೇ. ನಮ್ಮ ಪ್ರಶ್ನೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೊಂದು ಅಂಶವೂ ಇದೆ. ಹಿಟ್ಟಿನ ಕೋಳಿ ಕೋಳಿಯ ಆಭಾಸ. ಬಲಿಪಶು ಆಭಾಸವಾದರೆ ಪಾಪವೂ ಆಭಾಸವಾದೀತೆಂಬುದು ಯಶೋಧರನ ಲೆಕ್ಕಾಚಾರ. ಜನ್ನನು ಆ ಲೆಕ್ಕವನ್ನು ಒಂದು ಕೂಗಿನಿಂದ ಕೆಡಿಸುತ್ತಾನೆ. ಎದುರಿಗಿರುವುದು ಬರಿಯ ತೋರಿಕೆಯೆಂದು ತನಗೆ ತಾನೇ ಹೇಳಿಕೊಂಡು ಕೈಯೆತ್ತುವವನ ಕ್ರಿಯೆ ತೋರಿಕೆಯಾಗಿ ಉಳಿಯುವುದಿಲ್ಲವೆಂಬ ಈ ಅರಿವು ಆಭಾಸವಾದಿಗಳಿಗೆ ಕೊಡಬಹುದಾದ ಒಳ್ಳೆಯ ಉತ್ತರಗಳಲ್ಲೊಂದು.

ಮುಂದಿನ ಜನ್ಮಗಳಲ್ಲಿ ಮಗನೂ ತಾಯಿಯೂ ತಿರ್ಯಕ್ಕುಗಳಾಗುತ್ತಾರೆ. ಮೊದಲು ನವಿಲು ಮತ್ತು ನಾಯಿ. ಇಬ್ಬರೂ ಬಂದು ಸೇರುವುದು ಯಶೋಧರನ ಮಗ ಯಶೋಮತಿಯ ಅರಮನೆಯನ್ನೇ. ನವಿಲಾದ ಮಗನ ಸಾವಿಗೆ ನಾಯಿಯಾದ ತಾಯಿಯೇ ಕಾರಣಳಾಗುತ್ತಾಳೆ. ಇನ್ನೊಂದು ಜನ್ಮದಲ್ಲಿ ಯಶೋಧರನು ತನ್ನ ಹೆಸರಿನಲ್ಲಿ ನಡೆಯುವ ಶ್ರಾದ್ಧಕ್ಕೆ ತಾನೇ ಆಹಾರವಾಗುತ್ತಾನೆ. ಪ್ರೀತಿ ಇದ್ದೂ ಗುರುತು ಇಲ್ಲದಿರುವ ಈ ಸ್ಥಿತಿಗಿಂತ ಭಯಂಕರವಾದ ಕಲ್ಪನೆ ನಮ್ಮ ಹಳೆಯ ಸಾಹಿತ್ಯದಲ್ಲಿ ವಿರಳ.

ಆದರೆ ಇಲ್ಲೊಂದು ಮಿತಿಯೂ ಉಂಟು. ಆ ನವಿಲನ್ನು ನಾವು ಮರುಗುವುದು ಅದು ನವಿಲೆಂದಲ್ಲ, ಒಳಗೆ ಯಶೋಧರನಿದ್ದಾನೆಂದು. ಪ್ರಾಣಿಯನ್ನು ಕೊಲ್ಲಬಾರದೇಕೆ? ಅದು ನಿನ್ನ ತಂದೆಯೋ ತಾಯಿಯೋ ಆಗಿದ್ದೀತು ಎಂಬುದು ಕಾವ್ಯ ಕೊಡುವ ಕಾರಣ. ಕರುಣೆಯ ವ್ಯಾಪ್ತಿಯನ್ನು ಇದು ಅಪಾರವಾಗಿ ಹಿಗ್ಗಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕರುಣೆಯ ನಡುಗಂಬ ಮನುಷ್ಯನೇ ಆಗಿ ಉಳಿದನು.

೫

‘ಗೋವಿನ ಹಾಡ’ನ್ನು ಬಾಲ್ಯದಿಂದ ಬಾಯಿಪಾಠವಾಗಿ ಬಲ್ಲ ನಮಗೆ ಅದರ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಸತ್ಯವಾಕ್ಯದ ಮಹಿಮೆ ಅದರ ವಸ್ತುವೆಂಬುದು ಸರ್ವಸಮ್ಮತವಾದ ಅಭಿಪ್ರಾಯ. ಸಂಸ್ಕೃತದ ಪದ್ಮಪುರಾಣದಲ್ಲಿ ನಂದಾ ಎಂಬ ಹಸುವಿನ ಕಥೆ ಇದಕ್ಕೆ ಸಮೀಪವಾದುದು. ಅಲ್ಲಿಯ ಹುಲಿ ಹಿಂದೆ ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡುತ್ತಿದ್ದ ಹೆಣ್ಣುಜಿಂಕೆಯನ್ನು ಹೊಡೆದು, ಅದರ ಶಾಪದಿಂದ ಹುಲಿಯಾದವನು. ಕನ್ನಡದ ಹಾಡಿನಲ್ಲಿ ಅರ್ಬುತ ವ್ಯಾಘ್ರನಿಗೆ ಇಂತಹ ಪೂರ್ವಜನ್ಮದ ರಾಜತ್ವವಿಲ್ಲ. ಅವನು ಬರಿಯ ಹುಲಿ. ಪುಣ್ಯಕೋಟಿ ಬರಿಯ ಹಸು. ಶಾಪವಿಮೋಚನೆಯ ಕಟ್ಟನ್ನು ಕಳಚಿ, ಮನಸ್ಸಿನ ತಿರುವನ್ನು ಪ್ರಾಣಿಯೊಳಗೇ ಇಟ್ಟ ಜನಪದ ಕವಿಯ ಈ ನಡೆ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ.

ಸತ್ಯಕ್ಕೆ ಕೊಟ್ಟ ಪ್ರಾಮುಖ್ಯದಿಂದಾಗಿ ಹಾಡಿನ ನಡುಭಾಗ ನಮ್ಮ ವಿಮರ್ಶೆಯಲ್ಲಿ ಹಿಂದಾಗಿದೆ. ಹಸು ಹುಲಿಯನ್ನು ಬೇಡುವುದು ಬದುಕನ್ನಲ್ಲ. ಕರುವಿಗೆ ಒಮ್ಮೆ ಮೊಲೆಯುಣಿಸಿ ಬರುವಷ್ಟು ಹೊತ್ತನ್ನು. ದೊಡ್ಡಿಗೆ ಬಂದ ಮೇಲೆ ಅದು ಮಾಡುವ ಕೊನೆಯ ಕೆಲಸ, ತಬ್ಬಲಿಯಾಗಲಿರುವ ಕರುವನ್ನು ಓರಗೆಯ ಹಸುಗಳಿಗೆ ಒಪ್ಪಿಸುವುದು. ಹಾಯಬೇಡಿ, ಒದೆಯಬೇಡಿ, ನಿಮ್ಮದೆಂದೇ ಕಾಣಿರಿ ಎಂಬ ಅರ್ಥದ ಆ ಬೇಡಿಕೆ ದನಗಳ ಹಟ್ಟಿಯನ್ನು ದಿನವೂ ಕಂಡವರಿಗಲ್ಲದೆ ಹೊಳೆಯತಕ್ಕುದಲ್ಲ. ತಾಯಿಲ್ಲದ ಕರುವನ್ನು ಬೇರೆ ಹಸು ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ಹಸುವಿನ ಮಾತು ಮನುಷ್ಯನದಾದರೂ ಅದರ ಚಿಂತೆ ಹಸುವಿನದೇ. ಪುಣ್ಯಕೋಟಿ ಹಸುವಿನ ತೊಗಲು ಹೊದ್ದ ಪತಿವ್ರತೆಯೆಂದು ಹೇಳುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ಇಲ್ಲಿ ಹಾಡಿನಿಂದ ಹಟ್ಟಿಗೆ ಒಂದು ಹೆಜ್ಜೆ ಹಾಕುವುದು ಅಪ್ರಸ್ತುತವಾಗದು. ಕರು ಮೊಲೆಗೆ ಬಾಯಿಟ್ಟಾಗ ಹಸು ಸೊರೆಬಿಡುತ್ತದೆ, ಎಂದರೆ ಕೆಚ್ಚಲೊಳಗಿನ ಹಾಲನ್ನು ಇಳಿಯಬಿಡುತ್ತದೆ. ಆಕ್ಸಿಟೋಸಿನ್ ಎಂಬ ಅಂತಃಸ್ರಾವ ಇದಕ್ಕೆ ಕಾರಣವೆಂದೂ, ಹಸು ಹೆದರಿದರೆ ಹಾಲು ಇಳಿಯುವುದು ತಡೆಯಾಗುತ್ತದೆಯೆಂದೂ ಶರೀರಶಾಸ್ತ್ರ ತಿಳಿಸುತ್ತದೆ. ಕರು ಸತ್ತರೆ ಹಾಲು ಕರೆಯುವುದು ಕಷ್ಟ. ಆಗ ಕೆಲವೆಡೆ ಸತ್ತ ಕರುವಿನ ತೊಗಲಿಗೆ ಒಣಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಇನ್ನೂ ಕ್ರೂರವಾದ ಫೂಕಾ, ಡೂಮ್‌ದೇವ್ ಎಂಬ ಉಪಾಯಗಳನ್ನು ೧೯೬೦ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮವು ಹೆಸರು ಹಿಡಿದು ಅಪರಾಧವೆಂದು ಸಾರಿತು.

ಈ ಹುಲ್ಲಿನ ಕರುವನ್ನು ಜನ್ನನ ಹಿಟ್ಟಿನ ಕೋಳಿಯ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಮನುಷ್ಯ ಮಾಡಿದ ಆಭಾಸಗಳು. ಹುಲ್ಲಿನ ಕರುವನ್ನು ಮಾಡಿದವನು ಹಸುವಿನ ವಾತ್ಸಲ್ಯವನ್ನು ಸಂಪೂರ್ಣವಾಗಿ ನಂಬಿದವನು. ನಂಬದಿದ್ದರೆ ಅವನು ಆ ಶ್ರಮವನ್ನೇ ಪಡುತ್ತಿರಲಿಲ್ಲ. ಅದು ಬರಿಯ ಅಂತಃಸ್ರಾವವೆಂದು ವಾದಿಸುವವರಿಗೆ, ಮನುಷ್ಯತಾಯಿಯ ಎದೆಯಲ್ಲಿ ಹಾಲಿಳಿಸುವುದೂ ಅದೇ ಸ್ರಾವವೆಂಬುದನ್ನು ನೆನಪಿಸಬಹುದು. ಅಲ್ಲಿ ನಾವು ವಾತ್ಸಲ್ಯವನ್ನು ಆಭಾಸವೆನ್ನುವುದಿಲ್ಲ. ಪ್ರಾಣಿಯ ಪ್ರೀತಿಯಿಂದ ಲಾಭ ಪಡೆಯುವಾಗ ಅದನ್ನು ನಂಬುವುದು, ಋಣ ತೀರಿಸಬೇಕಾದಾಗ ಅದನ್ನು ಸಂಶಯಿಸುವುದು: ನಮ್ಮ ನಡತೆಯ ಈ ವಿರೋಧವೇ ಇಲ್ಲಿಯ ನೈತಿಕ ಪ್ರಶ್ನೆಯ ತಿರುಳು.

೬

ಮೇಲಿನ ಎರಡು ಕೃತಿಗಳಲ್ಲಿ ಒಂದರ ಪ್ರಾಣಿಗಳಿಗೆ ಪೂರ್ವಜನ್ಮವಿದೆ, ಇನ್ನೊಂದರ ಪ್ರಾಣಿಗಳಿಗೆ ಮಾತಿದೆ. ಇವೆರಡರ ಆಸರೆಯೂ ಇಲ್ಲದೆ ಪ್ರಾಣಿಯ ಪ್ರೀತಿಯನ್ನು ಚಿತ್ರಿಸಲು ಸಾಧ್ಯವೇ ಎಂಬುದಕ್ಕೆ ಉತ್ತರ, ೧೯೬೭ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಈ ಕಥೆ ತೆರೆಯುವುದೇ ಸಿಂಬಾವಿ ಹೆಗ್ಗಡೆಯವರ ಜೀತದಾಳಾದ ಗುತ್ತಿಯೂ ಅವನ ನಾಯಿ ಹುಲಿಯನೂ ನಡೆಯುವ ಕಾಡುದಾರಿಯಲ್ಲಿ. ಇಬ್ಬರೂ ಎಷ್ಟು ಬಿಡದ ಸಂಗಾತಿಗಳೆಂದರೆ ಜನ ಅವನನ್ನು ನಾಯಿಗುತ್ತಿಯೆಂದೇ ಕರೆಯುತ್ತಾರೆ. ಆ ಹೆಸರಿನಲ್ಲಿ ಹಾಸ್ಯವೂ ಇದೆ, ತಾತ್ಸಾರವೂ ಇದೆ. ಆದರೆ ಮನುಷ್ಯನೊಬ್ಬನಿಗೆ ಅವನ ನಾಯಿಯಿಂದಲೇ ಗುರುತು ಬಂದಿತೆಂಬ ಸತ್ಯವೂ ಇದೆ.

ಹುಲಿಯ ಮಾತಾಡುವುದಿಲ್ಲ. ಹಿಂದಿನ ಜನ್ಮದಲ್ಲಿ ಅದು ಯಾರೂ ಆಗಿರಲಿಲ್ಲ. ನಾಯಿ ಬಲ್ಲುದನ್ನು ಮಾತ್ರ ಅದು ಬಲ್ಲುದು. ಗುತ್ತಿ ತಾನು ಒಲಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಸಾಹಸದಲ್ಲಿಯೂ ಅದು ಜೊತೆಗಿರುತ್ತದೆ. ಕಾದಂಬರಿಯ ಕೊನೆಯ ಕಡೆಗೆ ಮಳೆಗಾಲದ ತುಂಬು ತುಂಗೆಯನ್ನು ದಾಟುವ ಸಂದರ್ಭದಲ್ಲಿ ಒಡೆಯನನ್ನು ಬಿಟ್ಟಿರಲಾರದ ಹುಲಿಯ ಪ್ರವಾಹದ ಪಾಲಾಗುತ್ತದೆ. ಗುತ್ತಿಯ ದುಃಖವನ್ನು ಕುವೆಂಪು ಯಾವ ನಾಯಕನ ದುಃಖಕ್ಕೂ ಕಡಮೆಯಿಲ್ಲದ ಗಾಂಭೀರ್ಯದಿಂದ ಚಿತ್ರಿಸಿದ್ದಾರೆ.

ಈಗ ವಿಶ್ವನಾಥನ ಪಟ್ಟಿಯನ್ನು ಮತ್ತೆ ನೆನೆಯೋಣ. ಗುತ್ತಿಯೂ ತಿಮ್ಮಿಯೂ ಹೊಲೆಯರ ಕೇರಿಯವರು. ಹಳೆಯ ಲೆಕ್ಕದಲ್ಲಿ ಅಧಮಪಾತ್ರಗಳು. ಹುಲಿಯ ತಿರ್ಯಕ್ಕು. ಯಾವ ಎರಡು ಒಲವುಗಳನ್ನು ಶಾಸ್ತ್ರ ಜೊತೆಗೂಡಿಸಿ ಹೊರಗಿಟ್ಟಿತೋ ಅವೆರಡನ್ನೂ ಕುವೆಂಪು ಜೊತೆಗೂಡಿಸಿಯೇ ಒಳಕ್ಕೆ ತಂದಿದ್ದಾರೆ. ಇದು ಶಾಸ್ತ್ರಕ್ಕೆ ಉತ್ತರ ಕೊಡಬೇಕೆಂಬ ಉದ್ದೇಶದಿಂದ ಆದುದೆಂದು ನಾನು ಹೇಳುವುದಿಲ್ಲ. ಮುಖ್ಯ, ಅಮುಖ್ಯವೆಂಬ ಭೇದವನ್ನೇ ನಿರಾಕರಿಸಿ ಹೊರಟ ಕಾದಂಬರಿ ತನ್ನ ನಿಲುವಿಗೆ ಪ್ರಾಮಾಣಿಕವಾಗಿದ್ದುದರಿಂದ ತಾನಾಗಿ ಆದ ಫಲ. ಮನುಷ್ಯರೊಳಗಿನ ಮೇಲುಕೀಳು ಸಡಿಲಿದ ಕಡೆಯಲ್ಲಿಯೇ ಪ್ರಾಣಿಯ ಒಲವೂ ಕಣ್ಣಿಗೆ ಬಿತ್ತೆಂಬುದು ಗಮನಾರ್ಹ. ಮನುಷ್ಯರ ಕಷ್ಟವೇ ತೀರದಿರುವಾಗ ಪ್ರಾಣಿಗಳ ಮಾತೇಕೆ ಎನ್ನುವವರು ಈ ನಂಟನ್ನು ವಿಚಾರಿಸಬೇಕು. ಇವೆರಡೂ ಒಂದೇ ಬೇರಿನ ಕೊಂಬೆಗಳು.

ಹುಲಿಯನನ್ನು ಸ್ವಾಮಿನಿಷ್ಠೆಯ ಪ್ರತೀಕವೆಂದು ವಿವರಿಸುವುದುಂಟು. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಪ್ರತೀಕವಾದ ಕೂಡಲೆ ನಾಯಿ ಮತ್ತೆ ನಮ್ಮ ಗುಣವೊಂದರ ನೆರಳಾಗುತ್ತದೆ. ಆಭಾಸವಾದ ಬೇರೊಂದು ಬಾಗಿಲಿನಿಂದ ಒಳಕ್ಕೆ ಬರುತ್ತದೆ. ನೀರಿನಲ್ಲಿ ಮುಳುಗಿದುದು ಪ್ರತೀಕವಲ್ಲ, ನಾಯಿ.

೭

ಆಧುನಿಕ ವಿಜ್ಞಾನದಲ್ಲಿಯೂ ಆಭಾಸವಾದಕ್ಕೆ ಸಮಾನವಾದ ಒಂದು ನಿಲುವಿದೆ. ೧೮೭೨ರಲ್ಲಿ ಡಾರ್ವಿನ್ನನು ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಾಶನವನ್ನು ಕುರಿತ ಗ್ರಂಥದಲ್ಲಿ ಎರಡರ ನಡುವಿನ ನಂಟನ್ನು ತೋರಿಸಿದನು. ೧೮೯೪ರಲ್ಲಿ ಲಾಯ್ಡ್ ಮಾರ್ಗನ್ನನು, ಕೆಳಗಿನ ಮಟ್ಟದ ವ್ಯಾಪಾರದಿಂದ ವಿವರಿಸಬಹುದಾದ ನಡವಳಿಕೆಗೆ ಮೇಲಿನ ಮಟ್ಟದ ಮನೋವ್ಯಾಪಾರವನ್ನು ಆರೋಪಿಸಬಾರದೆಂಬ ಸೂತ್ರವನ್ನು ಮುಂದಿಟ್ಟನು. ಸೂತ್ರ ಎಚ್ಚರಿಕೆಯ ದೃಷ್ಟಿಯಿಂದ ಉಚಿತವಾದುದು. ಆದರೆ ಮುಂದಿನ ಕಾಲದಲ್ಲಿ ಪ್ರಾಣಿಯ ಭಯವನ್ನು ಪ್ರಯೋಗಶಾಲೆಗಳು ಎಗ್ಗಿಲ್ಲದೆ ಒಪ್ಪಿಕೊಂಡಷ್ಟು ಸುಲಭವಾಗಿ ಪ್ರೀತಿಯನ್ನು ಒಪ್ಪಿಕೊಳ್ಳಲಿಲ್ಲ. ಜಿಂಕೆಯ ಭಯಕ್ಕೊಂದು, ಒಲವಿಗೊಂದು ಎಂಬ ಅದೇ ಎರಡು ಅಳತೆ!

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೋ ೧೯೫೮ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ, ಮನಶ್ಶಾಸ್ತ್ರಜ್ಞರು ಪ್ರೀತಿಯ ವಿಷಯವನ್ನು ಕಡೆಗಣಿಸಿದರೆಂದೇ ದೂರಿದನು. ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ತಾಯಿಯಿಂದ ಅಗಲಿಸಿದ ಕೋತಿಮರಿಗಳಿಗೆ ತಂತಿಯಿಂದ ಮಾಡಿದ ಒಂದು ತಾಯಿಯನ್ನೂ ಬಟ್ಟೆ ಸುತ್ತಿದ ಇನ್ನೊಂದು ತಾಯಿಯನ್ನೂ ಅವನು ಒದಗಿಸಿದ್ದನು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದರೂ ಮರಿಗಳು ಅಪ್ಪಿಕೊಂಡು ಕಾಲ ಕಳೆಯುತ್ತಿದ್ದುದು ಬಟ್ಟೆಯ ತಾಯಿಯನ್ನು. ಅನ್ನಕ್ಕಾಗಿ ಮಾತ್ರ ಪ್ರೀತಿಯೆಂಬ ವಾದ ಇದರಿಂದ ಕುಸಿಯಿತು. ಆದರೆ ಪ್ರೀತಿ ಇದೆಯೆಂದು ರುಜುವಾತುಪಡಿಸಿದ ಮಾರ್ಗ, ಆ ಪ್ರೀತಿಯನ್ನು ಮುರಿಯುವುದೇ ಆಗಿತ್ತು. ಬಟ್ಟೆಯ ತಾಯಿ ಹುಲ್ಲಿನ ಕರುವಿ‌ನ ಪ್ರತಿಬಿಂಬ. ಫಲಿತಾಂಶ ತಿಳಿದ ಮೇಲೂ ೧೯೬೦ರ ದಶಕದಲ್ಲಿ ಮರಿಗಳನ್ನು ಒಂಟಿಯಾಗಿ ಕೂಡಿಹಾಕುವ ಪ್ರಯೋಗಗಳು ಮುಂದುವರಿದುವೆಂಬುದು, ಅರಿವು ತಾನಾಗಿಯೇ ನೀತಿಯಾಗುವುದಿಲ್ಲವೆಂಬುದಕ್ಕೆ ನಿದರ್ಶನ.

ನಮ್ಮ ಕಾನೂನೂ ಮುಖ್ಯವಾಗಿ ಬಲ್ಲುದು ಭಯವನ್ನೂ ನೋವನ್ನೂ. ೧೯೬೦ರ ಅಧಿನಿಯಮ ಅನಾವಶ್ಯಕವಾದ ನೋವು ಮತ್ತು ಯಾತನೆಯನ್ನು ತಡೆಯಲು ಹುಟ್ಟಿದುದು. ೨೦೧೪ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು: ಹಸಿವು ಬಾಯಾರಿಕೆಗಳಿಂದ, ಭಯ ಸಂಕಟಗಳಿಂದ, ದೈಹಿಕ ಅಸೌಖ್ಯದಿಂದ, ನೋವು ರೋಗಗಳಿಂದ ಬಿಡುಗಡೆ, ಮತ್ತು ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ. ಮುಂದೆ ತಮಿಳುನಾಡು, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕ ತಮ್ಮ ತಮ್ಮ ಆಟಗಳಿಗಾಗಿ ತಂದ ತಿದ್ದುಪಡಿಗಳನ್ನು ೨೦೨೩ರ ಮೇ ತಿಂಗಳಲ್ಲಿ ಸಂವಿಧಾನಪೀಠ ಮಾನ್ಯಮಾಡಿತು. ಕಂಬಳವೂ ಅದರಲ್ಲಿ ಸೇರಿತು. ಆ ವಿವಾದದ ಗುಣದೋಷಗಳು ಇಲ್ಲಿಯ ವಿಷಯವಲ್ಲ. ಐದು ಸ್ವಾತಂತ್ರ್ಯಗಳಲ್ಲಿ ಭಯವು ತನ್ನ ಹೆಸರಿನಿಂದಲೇ ಬಂದಿದೆಯೆಂಬುದನ್ನೂ, ಒಲವು ಬಂದಿದ್ದರೆ ಐದನೆಯದರ ಮರೆಯಲ್ಲಿ ಮಾತ್ರ ಬಂದಿದೆಯೆಂಬುದನ್ನೂ ಸಾಹಿತ್ಯದ ವಿದ್ಯಾರ್ಥಿ ಗುರುತಿಸದಿರಲಾರನು.

೮

ಇಷ್ಟು ವಿವೇಚನೆಯಿಂದ ಹೊರಡುವ ನಿಷ್ಕರ್ಷೆಯನ್ನು ಸಂಗ್ರಹವಾಗಿ ಹೇಳಬಹುದು. ತಿರ್ಯಕ್ಕುಗಳ ಒಲವು ರಸಕ್ಕೆ ವಿಷಯವಾಗಬಲ್ಲುದೆಂಬ ವಿದ್ಯಾಧರನ ಪಕ್ಷವೇ ಕನ್ನಡದ ಸೃಷ್ಟಿಶೀಲ ಕೃತಿಗಳಿಂದ ಸಮರ್ಥಿತವಾಗುತ್ತದೆ. ‘ಯಶೋಧರ ಚರಿತೆ’ಯಲ್ಲಿ ಅದು ಮನುಷ್ಯನ ಪೂರ್ವಜನ್ಮದ ಮೂಲಕ, ‘ಗೋವಿನ ಹಾಡ’ಲ್ಲಿ ಮನುಷ್ಯನ ಮಾತಿನ ಮೂಲಕ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಯಾವ ಮಧ್ಯಸ್ಥಿಕೆಯೂ ಇಲ್ಲದೆ ಸಿದ್ಧಿಸಿದೆ. ಇದನ್ನು ಏಕಮುಖವಾದ ಮುನ್ನಡೆಯೆಂದು ಭಾವಿಸಬೇಕಾಗಿಲ್ಲ. ಹಿಟ್ಟಿನ ಕೋಳಿಯ ಕೂಗಿನಲ್ಲಿರುವ ನೈತಿಕ ತೀಕ್ಷ್ಣತೆ ಇಂದಿನ ಬರವಣಿಗೆಗೂ ಸುಲಭವಾಗಿ ದಕ್ಕತಕ್ಕುದಲ್ಲ.

ಪ್ರಾಣಿಗೂ ಪ್ರೀತಿಯಿದೆಯೆಂದು ಒಪ್ಪಿದ ಮಾತ್ರಕ್ಕೆ ಪ್ರಾಣಿ ಮನುಷ್ಯನಿಗೆ ಸಮವೆಂದಾಗಲಿ, ಉಳುವ ಎತ್ತನ್ನೂ ಕರೆಯುವ ಹಸುವನ್ನೂ ಬಿಟ್ಟುಬಿಡಬೇಕೆಂದಾಗಲಿ ತೀರ್ಮಾನಿಸಬೇಕಾಗಿಲ್ಲ. ‘ಗೋವಿನ ಹಾಡಿ’ನ ಗೊಲ್ಲನೂ ಹಾಲು ಕರೆಯುವವನೇ. ಆದರೆ ಅವನು ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಯಾವ ಒಲವಿನಿಂದ ನಾವು ಪ್ರಯೋಜನ ಪಡೆಯುತ್ತೇವೆಯೋ ಆ ಒಲವನ್ನು ಇಲ್ಲವೆನ್ನದಿರುವುದು ಕನಿಷ್ಠ ಧರ್ಮ. ನೋವಾಗಲಿಲ್ಲವೆಂಬ ಸಮಾಧಾನ ಸಾಲದು. ಅಗಲಿಕೆಯೂ ಒಂದು ನೋವೆಂದು ಎಣಿಸುವ ಲೆಕ್ಕ ನಮ್ಮ ಗೋಶಾಲೆ, ಪ್ರಯೋಗಶಾಲೆ, ನ್ಯಾಯಶಾಲೆಗಳಲ್ಲಿ ಇನ್ನೂ ಬರಬೇಕಾಗಿದೆ.

ಈ ದಿಕ್ಕಿನಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ೧೯೩೩ರ ‘ಚೋಮನ ದುಡಿ’ಯಲ್ಲಿ ಉಳಲು ಹೊಲವಿಲ್ಲದ ಚೋಮ ಸಾಕಿಕೊಂಡ ಎತ್ತುಗಳು, ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲಿ ಬರುವ ಕಿವಿ ಎಂಬ ನಾಯಿ, ‘ವಡ್ಡಾರಾಧನೆ’ಯ ಭವಾವಳಿಗಳಲ್ಲಿ ಸುಳಿಯುವ ಮೃಗಗಳು ಇವೆಲ್ಲವನ್ನೂ ಉಪಮಾನವೆಂದೋ ಪ್ರತೀಕವೆಂದೋ ಎಣಿಸದೆ ಪಾತ್ರಗಳೆಂದು ಎಣಿಸಿ ಓದಿದರೆ ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿಯೇ ಕೆಲವು ತಿದ್ದುಪಡಿಗಳು ಆವಶ್ಯಕವಾಗಬಹುದು. ವಿದ್ಯಾರ್ಥಿಗಳು ಈ ಕಾರ್ಯವನ್ನು ಕೈಗೆತ್ತಿಕೊಳ್ಳುವುದಾದರೆ, ವಿದ್ಯಾಧರನು ಅರ್ಧದಲ್ಲಿ ಬಿಟ್ಟ ವಾದವನ್ನು ಕನ್ನಡದಲ್ಲಿ ಮುಂದುವರಿಸಿದಂತಾಗುತ್ತದೆ.